ಸಹಜ ಧ್ವನಿಯ ಶ್ರವಣ ಸಾಧನ: ತಂದೆಯವರಿಗೆ ಯಾವುದನ್ನು ಆರಿಸಬೇಕು?

ವಿದ್ಯಾನಗರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರಿಗೆ ಈಗ 72 ವರ್ಷ. ನಮ್ಮೂರಿನ ಹತ್ತಿ ಗಿರಣಿಯೊಂದರ ಮಗ್ಗದ ವಿಭಾಗದಲ್ಲಿ, ಗಿರಣಿಗೆ ಬೀಗ ಬೀಳುವವರೆಗೂ ದುಡಿದವರು. ಕೆಲವು ವರ್ಷಗಳಿಂದ ಅವರಿಗೆ ಮಾತು ಕೇಳಿಸುತ್ತದೆ, ಆದರೆ ಅರ್ಥವಾಗುವುದಿಲ್ಲ. ಬಾಗಿಲು ಬಡಿದದ್ದು, ಬೀದಿಯಲ್ಲಿ ಟ್ರ್ಯಾಕ್ಟರ್ ಹೋದದ್ದು ಗೊತ್ತಾಗುತ್ತದೆ; ನನ್ನ ಮಗಳು ಪಕ್ಕದಲ್ಲೇ ಕುಳಿತು "ತಾತಾ, ಕತೆ ಹೇಳು" ಎಂದರೆ "ಅತ್ತೆ ಏನಂದ್ಲು?" ಎಂದು ಕೇಳುತ್ತಾರೆ. ಮಗು ಈಗೀಗ ಕತೆ ಕೇಳುವುದನ್ನೇ ಬಿಟ್ಟಿದೆ. ನನಗೆ ಹೆಚ್ಚು ನೋವಾಗಿರುವುದು ಅದಕ್ಕೇ.

ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ 1,80,000 ರೂಪಾಯಿ ಕೊಟ್ಟು ಒಂದು ಜೊತೆ ಸಾಧನ ತಂದೆವು. ಒಂದು ತಿಂಗಳು ಹಾಕಿಕೊಂಡರು, ಆಮೇಲೆ ಅವು ಬೀರು ಸೇರಿದವು. ತಮ್ಮ ದನಿಯೇ ತಮಗೆ ಹಂಡೆಯೊಳಗೆ ತಲೆಯಿಟ್ಟು ಮಾತಾಡಿದಂತೆ ಕೇಳುತ್ತದೆ ಎಂಬುದು ಅವರ ಮೊದಲ ದೂರು. ಮಿಕ್ಕ ಸದ್ದೆಲ್ಲ ತಗಡಿನ ಮೇಲೆ ಬಡಿದಂತೆ ಎನ್ನುತ್ತಾರೆ. ಮದುವೆ ಮನೆಯಲ್ಲಾಗಲಿ, ದೋಸೆ ಹೋಟೆಲಿನಲ್ಲಾಗಲಿ ಎದುರಿಗಿರುವವರ ಮಾತೂ ತಟ್ಟೆ ಲೋಟಗಳ ಸದ್ದೂ ಒಂದೇ ಮುದ್ದೆಯಾಗಿ ಕಿವಿಗೆ ಬರುತ್ತವೆ.

ಈಗ ಅಕ್ಕ, ತಮ್ಮ, ನಾನು ಸೇರಿ ನಾಲ್ಕು ಲಕ್ಷದವರೆಗೆ ಹೊಂದಿಸಬಲ್ಲೆವು. ವೈಡೆಕ್ಸ್, ಓಟಿಕಾನ್, ಫೋನಾಕ್, ಸಿಗ್ನಿಯಾ, ರೀಸೌಂಡ್, ಸ್ಟಾರ್ಕಿ ಹೀಗೆ ಹೆಸರುಗಳು ಕೇಳಿಬರುತ್ತಿವೆ, ಎಲ್ಲರೂ "ಸಹಜ ಧ್ವನಿ" ಎಂದೇ ಹೇಳುತ್ತಾರೆ. ನಿಜವಾಗಿ ಸಹಜವಾಗಿ ಕೇಳಿಸುವುದು ಯಾವುದು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಕೋಟೆ ರಸ್ತೆ, ಚಿತ್ರದುರ್ಗ (ನಿವೃತ್ತ ಶಿಕ್ಷಕ)

ಸರ್, ನಾನು 11 ವರ್ಷಗಳಿಂದ ಎರಡೂ ಕಿವಿಗೆ ಸಾಧನ ಹಾಕುತ್ತಿದ್ದೇನೆ. ಈಗಿನದು ಮೂರನೆಯ ಜೊತೆ. ಹೊಸದನ್ನು ಹುಡುಕುವ ಮೊದಲು ಬೀರುವಿನಲ್ಲಿರುವುದನ್ನು ಹೊರಗೆ ತೆಗೆಯಿರಿ ಎಂಬುದು ನನ್ನ ಮೊದಲ ಮಾತು. ತಂದೆಯವರು ಹೇಳಿದ ದೂರುಗಳೆಲ್ಲ ನನ್ನ ಮೊದಲನೆಯ ಜೊತೆಯಲ್ಲೂ ಇದ್ದವು. ಮಾರಿದವರು "ಅಭ್ಯಾಸವಾಗುತ್ತದೆ" ಎಂದರು. ಆರು ತಿಂಗಳು ಕಾದರೂ ಅಭ್ಯಾಸವಾಗಲಿಲ್ಲ, ತರಗತಿಯ ಹಿಂದಿನ ಸಾಲಿನ ಹುಡುಗರು ಕೇಳಿದ ಪ್ರಶ್ನೆ ನನಗೆ ತಿಳಿಯುತ್ತಲೇ ಇರಲಿಲ್ಲ.

ಆಮೇಲೆ ಬಂಧುಗಳೊಬ್ಬರು ಒತ್ತಾಯಿಸಿ ಬೇರೊಬ್ಬ ಆಡಿಯಾಲಜಿಸ್ಟ್ (ಶ್ರವಣತಜ್ಞರ) ಬಳಿಗೆ ಕರೆದೊಯ್ದರು. ಅವರು ಕಿವಿಯೊಳಗೆ ಎಳೆಯಷ್ಟು ಸಣ್ಣ ಕೊಳವೆಯೊಂದನ್ನು ಇಟ್ಟು, ಅದರ ಮೇಲೆ ಸಾಧನ ಹಾಕಿ, ತಮಟೆಯ ಹತ್ತಿರ ಎಷ್ಟು ಸದ್ದು ತಲುಪುತ್ತಿದೆ ಎಂದು ಅಳೆದರು. 3000 ಹರ್ಟ್ಸ್ ದಾಟಿದ ತೀಕ್ಷ್ಣ ಸ್ವರಗಳಲ್ಲಿ ನನಗೆ ಬೇಕಾದಷ್ಟು ವರ್ಧನೆಯೇ ಸಿಗುತ್ತಿರಲಿಲ್ಲ, ಕೆಳಗಿನ ಸ್ವರಗಳು ಮಾತ್ರ ಅಗತ್ಯಕ್ಕಿಂತ ಹೆಚ್ಚು ತುಂಬಿದ್ದವು. ಒಂದು ಗಂಟೆಯ ಕೆಲಸದಲ್ಲಿ ಅದೇ ಹಳೆಯ ಸಾಧನ ಬೇರೆಯದೇ ಆಯಿತು. ಅಂದು ಬಸ್ಸಿನಲ್ಲಿ ಮರಳುವಾಗ ಕಂಡಕ್ಟರು ಊರಿನ ಹೆಸರು ಕೂಗಿದ್ದು ಸ್ಪಷ್ಟವಾಗಿ ಕೇಳಿಸಿತು. ನನ್ನ ಮಟ್ಟಿಗೆ ಅದು ದೊಡ್ಡ ದಿನ.

ನಮ್ಮೂರಿನವರಿಗೆ ಇನ್ನೊಂದು ಮಾತು. ದುರ್ಗದಲ್ಲಿ ಗಾಳಿ ಜಾಸ್ತಿ. ಜೋಗಿಮಟ್ಟಿಯ ಕಡೆ ನಡೆಯಲು ಹೋದರೆ ಮೈಕಿಗೆ ಗಾಳಿ ಬಡಿದು ಭೋರ್ಗರೆಯುತ್ತದೆ. ಪ್ರಯೋಗಕ್ಕೆ ಸಾಧನ ಕೊಟ್ಟಾಗ ಇಂಥ ಕಡೆಯೂ ಹಾಕಿ ನೋಡಬೇಕು.

ಶ್ರವಣತಜ್ಞೆ, ಚಿತ್ರದುರ್ಗ

ಮೇಷ್ಟ್ರು ಹೇಳಿದ ಪರೀಕ್ಷೆಯನ್ನು ರಿಯಲ್ ಇಯರ್ ಮಾಪನ ಎನ್ನುತ್ತೇವೆ. ಈ ಚರ್ಚೆಯಿಂದ ಒಂದೇ ಒಂದು ವಿಷಯವನ್ನು ನೆನಪಿಡುವುದಾದರೆ ಅದನ್ನು ಇಟ್ಟುಕೊಳ್ಳಿ. ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿ, ಆಡಿಯೋಗ್ರಾಂ (ಯಾವ ಆವರ್ತನದ ಸದ್ದು ಎಷ್ಟು ಕೇಳಿಸುತ್ತದೆ ಎಂಬ ನಕ್ಷೆ) ತುಂಬಿ, ಒಂದು ಗುಂಡಿ ಒತ್ತಿದರೆ ಕಂಪನಿಯ ತಂತ್ರಾಂಶವೇ ಒಂದು ಅಂದಾಜಿನ ಹೊಂದಾಣಿಕೆ ಮಾಡಿಕೊಡುತ್ತದೆ. ಆ ಅಂದಾಜು ಸರಾಸರಿ ಕಿವಿಗೆ ಮಾಡಿದ್ದು, ಮೊದಲ ದಿನವೇ ಕರ್ಕಶ ಎನಿಸಬಾರದೆಂದು ಮೇಲಿನ ಆವರ್ತನಗಳನ್ನು ಅನೇಕ ವೇಳೆ ಕಡಿಮೆಯೇ ಕೊಟ್ಟಿರುತ್ತದೆ. ಕಿವಿಯ ನಾಳದ ಉದ್ದ, ಅಗಲ ಒಬ್ಬೊಬ್ಬರಿಗೆ ಒಂದೊಂದು ರೀತಿ ಇರುವುದರಿಂದ ಎನ್‌ಎಎಲ್-ಎನ್‌ಎಲ್2 ಎಂಬ ಆಸ್ಟ್ರೇಲಿಯಾದ ಸೂತ್ರ ಹೇಳುವ ವರ್ಧನೆಯ ಗುರಿಯನ್ನು ಸಾಧನ ಮುಟ್ಟಿದೆಯೇ ಎಂಬುದು ಆ ಕಿವಿಯೊಳಗೇ ಅಳೆದಾಗ ಮಾತ್ರ ಗೊತ್ತಾಗುತ್ತದೆ.

ನಿಮ್ಮ ತಂದೆಯವರ "ಕತೆ" "ಅತ್ತೆ"ಯಾದದ್ದರಲ್ಲಿ ಬಹಳಷ್ಟು ತಿಳಿಯುತ್ತದೆ. ಅ, ಎ ಮುಂತಾದ ಸ್ವರಗಳ ಬಲವೆಲ್ಲ ಕೆಳಗಿನ ಆವರ್ತನಗಳಲ್ಲಿದೆ, ಅವು ಅವರಿಗೆ ಸಿಗುತ್ತಿವೆ. ಕ, ತ, ಪ, ಸ, ಶ ಮುಂತಾದ ವ್ಯಂಜನಗಳ ಗುರುತು ಸಿಗುವುದು ಮೇಲಿನ ಆವರ್ತನಗಳಲ್ಲಿ, ಮಾತಿನ ಅರ್ಥವನ್ನು ಹೆಚ್ಚಾಗಿ ಹೊರುವವೂ ಅವೇ. ಮಗ್ಗದ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಆಡಿಯೋಗ್ರಾಂನಲ್ಲಿ ಸಾಮಾನ್ಯವಾಗಿ 3000ದಿಂದ 6000 ಹರ್ಟ್ಸ್ ನಡುವೆ, ಮುಖ್ಯವಾಗಿ 4000ದ ಬಳಿ, ಗೆರೆ ಹಳ್ಳದಂತೆ ಕುಸಿದಿರುತ್ತದೆ. ಅದರ ಮೇಲೆ ವಯಸ್ಸಿನ ಕಿವುಡೂ ಸೇರಿಕೊಳ್ಳುತ್ತದೆ. ದಾವಣಗೆರೆಯ ಹಳೆಯ ಗಿರಣಿ ಕಾರ್ಮಿಕರಲ್ಲಿ ಈ ನಮೂನೆಯನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇನ್ನು ಹಂಡೆಯೊಳಗಿನ ದನಿಯ ವಿಚಾರ. ಸಾಧನದ ತುದಿಗೆ ಕಿವಿಯನ್ನು ಪೂರ್ತಿ ಮುಚ್ಚುವ ರಬ್ಬರ್ ಡೋಮ್ (ಪುಟ್ಟ ಟೋಪಿ) ಹಾಕಿದರೆ, ನಾವು ಮಾತನಾಡುವಾಗ ಮೂಳೆಯ ಮೂಲಕ ಬಂದ ಕಂಪನ ಹೊರಹೋಗಲು ದಾರಿಯಿಲ್ಲದೆ ನಾಳದಲ್ಲೇ ಗುಂಯ್‌ಗುಡುತ್ತದೆ. ಎರಡೂ ಕಿವಿಗೆ ಬೆರಳಿಟ್ಟುಕೊಂಡು "ಈ" ಎಂದು ಹೇಳಿ ನೋಡಿ, ಅವರ ಕಷ್ಟ ನಿಮಗೂ ತಿಳಿಯುತ್ತದೆ. ಕೆಳಗಿನ ಆವರ್ತನಗಳಲ್ಲಿ ಕಿವಿ ಚೆನ್ನಾಗಿರುವವರಿಗೆ ತೂತುಗಳಿರುವ ತೆರೆದ ಡೋಮ್ ಅಥವಾ ಅಗಲವಾದ ವೆಂಟ್ (ಗಾಳಿಯ ತೂತು) ಇರುವ ಮೋಲ್ಡ್ (ಕಿವಿಯ ಅಳತೆಗೆ ಮಾಡಿಸಿದ ಅಚ್ಚು) ಕೊಟ್ಟರೆ ಈ ದೂರು ಬಹುಮಟ್ಟಿಗೆ ಇಲ್ಲವಾಗುತ್ತದೆ.

ತಗಡಿನ ಸದ್ದಿಗೆ ಇನ್ನೊಂದು ಕಾರಣವಿದೆ, "ಸಹಜ ಧ್ವನಿ" ಎಂಬ ಮಾತಿಗೆ ಗಟ್ಟಿಯಾದ ಅರ್ಥ ಬರುವುದು ಇಲ್ಲಿಯೇ. ಡಿಜಿಟಲ್ ಸಾಧನ ಸದ್ದನ್ನು ಹಿಡಿದು, ಲೆಕ್ಕ ಹಾಕಿ, ಹೊರಬಿಡಲು ಸಾಮಾನ್ಯವಾಗಿ 5ರಿಂದ 8 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ತೆರೆದ ಡೋಮ್‌ನಲ್ಲಿ ಹೊರಗಿನ ಸದ್ದು ನೇರವಾಗಿಯೂ ಕಿವಿ ಸೇರುತ್ತದೆ, ಸಾಧನದ ಸದ್ದು ಅದರ ಹಿಂದೆ ತಡವಾಗಿ ಬರುತ್ತದೆ. ಎರಡೂ ಬೆರೆತಾಗ ಕೆಲವು ಆವರ್ತನಗಳು ಒಂದನ್ನೊಂದು ಅಳಿಸಿ, ಕೆಲವು ಉಬ್ಬಿ, ಪೊಳ್ಳಾದ ಲೋಹದ ದನಿ ಹುಟ್ಟುತ್ತದೆ. 2020ರಲ್ಲಿ ಬಂದ ವೈಡೆಕ್ಸ್ ಮೊಮೆಂಟ್ ಈ ವಿಳಂಬವನ್ನು ಅರ್ಧ ಮಿಲಿಸೆಕೆಂಡಿಗಿಂತ ಕಡಿಮೆಗೆ ಇಳಿಸುವ ಪ್ರತ್ಯೇಕ ದಾರಿಯೊಂದನ್ನು ತಂದಿತು. ಕಡಿಮೆಯಿಂದ ಮಧ್ಯಮ ಪ್ರಮಾಣದ ನಷ್ಟವಿದ್ದು ಕಿವಿಯನ್ನು ತೆರೆದಿಡಬಹುದಾದವರಿಗೆ ಇದರ ವ್ಯತ್ಯಾಸ ತಿಳಿಯಬಹುದು. ನಷ್ಟ ತೀವ್ರವಾಗಿದ್ದು ಮೋಲ್ಡ್‌ನಿಂದ ಕಿವಿ ಮುಚ್ಚಲೇಬೇಕಾದವರಿಗೆ ನೇರ ಸದ್ದು ಒಳಗೆ ಬರುವುದೇ ಕಡಿಮೆ, ಆದ್ದರಿಂದ ಅವರು ಇದಕ್ಕಾಗಿ ಹೆಚ್ಚು ಹಣ ಕೊಡಬೇಕಾಗಿಲ್ಲ.

ಆಡಿಯೋಗ್ರಾಂನ ಅಂಕಿಗಳನ್ನು ಇಲ್ಲಿ ಬರೆಯಿರಿ. ಮಾತು ಗ್ರಹಿಕೆಯ ಶೇಕಡಾ ಎಷ್ಟು, ಅಂದರೆ ಜೋರಾಗಿ ಹೇಳಿದ ಪದಗಳಲ್ಲಿ ನೂರಕ್ಕೆ ಎಷ್ಟು ತಿಳಿದವು, ಎಂಬುದನ್ನೂ ಬರೆಯಿರಿ.

ವಿದ್ಯಾನಗರ, ದಾವಣಗೆರೆ

ಮೇಡಂ, ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞ. ಎರಡು ವರ್ಷದ ಹಿಂದಿನ ಆಡಿಯೋಗ್ರಾಂ ಸಿಕ್ಕಿತು. ಬಲಗಿವಿ: 250 ಹರ್ಟ್ಸ್‌ನಲ್ಲಿ 20 ಡೆಸಿಬೆಲ್, 500ರಲ್ಲಿ 25, 1000ದಲ್ಲಿ 35, 2000ದಲ್ಲಿ 55, 4000ದಲ್ಲಿ 75, 8000ದಲ್ಲಿ 70. ಎಡಗಿವಿ ಪ್ರತಿಯೊಂದರಲ್ಲೂ ಸುಮಾರು 5 ಡೆಸಿಬೆಲ್ ಹೆಚ್ಚು. ಮಾತು ಗ್ರಹಿಕೆಯ ಜಾಗ ಖಾಲಿ ಇದೆ, ಆ ಪರೀಕ್ಷೆ ಮಾಡಿದ ನೆನಪು ತಂದೆಯವರಿಗಿಲ್ಲ. ಹಳೆಯ ಸಾಧನವನ್ನು ತೆಗೆದು ನೋಡಿದೆ. ಎರಡಕ್ಕೂ ಕಪ್ಪಗಿನ, ತೂತಿಲ್ಲದ ಡೋಮ್ ಇದೆ.

ಶ್ರವಣತಜ್ಞೆ, ಚಿತ್ರದುರ್ಗ

ಹಾಗಿದ್ದರೆ ಹಂಡೆಯ ದನಿ ಎಲ್ಲಿಂದ ಬಂತು ಎಂಬುದು ಬಹುತೇಕ ತಿಳಿದಂತಾಯಿತು. ಡೆಸಿಬೆಲ್ ಅಂಕಿ ಹೆಚ್ಚಿದಷ್ಟೂ ಕೇಳಿಸುವುದು ಕಡಿಮೆ; ಅವರ ಕೆಳಗಿನ ಆವರ್ತನಗಳು ಚೆನ್ನಾಗಿವೆ, ಆ ಕಿವಿಯನ್ನು ಮುಚ್ಚಬೇಕಾದ ಅಗತ್ಯ ಕಾಣುವುದಿಲ್ಲ. 4000ದಲ್ಲಿ 75 ಇರುವುದರಿಂದ ಪೂರ್ತಿ ತೆರೆದಿಟ್ಟರೆ ಕುಯ್ ಎನ್ನುವ ಫೀಡ್‌ಬ್ಯಾಕ್ ಬರಬಹುದು, ಆಗ ವೆಂಟ್ ಇರುವ ಮೋಲ್ಡ್ ಮಾಡಿಸುವುದು ಒಳ್ಳೆಯದು.

ಎರಡು ವರ್ಷದ ಹಳೆಯ ಆಡಿಯೋಗ್ರಾಂ ನಂಬಿ ಯಾವ ಸಾಧನವನ್ನೂ ಕೊಳ್ಳಬೇಡಿ. ಮೊದಲು ಇಎನ್‌ಟಿ ವೈದ್ಯರಿಂದ ಕಿವಿಯ ಗುಗ್ಗೆ ತೆಗೆಸಿ, ಆಮೇಲೆ ಹೊಸದಾಗಿ ಪರೀಕ್ಷೆ ಮಾಡಿಸಿ. ಮಾತು ಗ್ರಹಿಕೆಯ ಪರೀಕ್ಷೆಯನ್ನು ಕನ್ನಡದ ಪದಪಟ್ಟಿಯಿಂದಲೇ ಮಾಡಬೇಕೆಂದು ಕೇಳಿ. ಇಂಥ ಪಟ್ಟಿಗಳನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಸಿದ್ಧಪಡಿಸಿದೆ. 1965ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಓದಿ ಬಂದ ಆಡಿಯಾಲಜಿಸ್ಟರು ರಾಜ್ಯದ ಉದ್ದಗಲಕ್ಕೂ ಇದ್ದಾರೆ. ಸಾಕಷ್ಟು ಜೋರಾಗಿ ಹೇಳಿದಾಗಲೂ ನೂರಕ್ಕೆ 50 ಪದ ಮಾತ್ರ ತಿಳಿದರೆ, ಎಷ್ಟೇ ಬೆಲೆಯ ಸಾಧನವೂ ಅದನ್ನು 90ಕ್ಕೆ ಏರಿಸಲಾರದು. ಇದನ್ನು ಕೊಳ್ಳುವ ಮೊದಲೇ ಮನೆಯವರಿಗೆ ಹೇಳುವುದು ನಮ್ಮ ಕರ್ತವ್ಯ, ಆದರೆ ಹೇಳುವವರು ಕಡಿಮೆ ಎಂಬ ಸಂಕಟ ನನಗಿದೆ. ಪರೀಕ್ಷಿಸುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಡಿ.

ಪಿ.ಜೆ. ಬಡಾವಣೆ, ದಾವಣಗೆರೆ

ನಾನು ಭಜನಾ ಮಂಡಳಿಯಲ್ಲಿ ಹಾಡುತ್ತೇನೆ, ಹಾರ್ಮೋನಿಯಂ ನುಡಿಸುತ್ತೇನೆ. ಸಂಗೀತದ ವಿಷಯ ಇನ್ನೂ ಯಾರೂ ಎತ್ತಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ಸಾಧನ ದುಬಾರಿಯದೇ, ಮಾತು ಸೊಗಸಾಗಿ ಕೇಳುತ್ತದೆ. ಆದರೆ ಹಾರ್ಮೋನಿಯಂನ ಒಂದು ಮನೆಯನ್ನು ಒತ್ತಿ ಹಿಡಿದರೆ ಸ್ವರ ನಡುಗುತ್ತಿತ್ತು. ಶ್ರುತಿಯೇ ಸರಿಯಿಲ್ಲವೇನೋ ಎಂದು ಪೆಟ್ಟಿಗೆಯನ್ನು ರಿಪೇರಿಗೂ ಕೊಟ್ಟಿದ್ದೆ. ಕೊನೆಗೆ ತಿಳಿದದ್ದು ಇಷ್ಟು: ಉದ್ದವಾಗಿ ನಿಲ್ಲುವ ಸ್ವರವನ್ನು ಸಾಧನವು ತನ್ನದೇ ಫೀಡ್‌ಬ್ಯಾಕ್ ಸೀಟಿ ಎಂದು ಭಾವಿಸಿ ಅಳಿಸಲು ಹೋಗುತ್ತದೆ. ಕೊಳಲು, ನಾದಸ್ವರಕ್ಕೂ ಹೀಗೇ ಆಗುತ್ತದೆ.

ಆಡಿಯಾಲಜಿಸ್ಟ್ ನನಗೆ ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ ಮಾಡಿಕೊಟ್ಟರು. ಅದರಲ್ಲಿ ಗದ್ದಲ ಕಡಿತವನ್ನೂ ಒಂದೇ ದಿಕ್ಕಿಗೆ ಕಿವಿಗೊಡುವ ಮೈಕನ್ನೂ ನಿಲ್ಲಿಸಿದ್ದಾರೆ, ಫೀಡ್‌ಬ್ಯಾಕ್ ತಡೆಯನ್ನು ತೀರಾ ಸಡಿಲ ಮಾಡಿದ್ದಾರೆ, ಕಂಪ್ರೆಷನ್ (ಸಣ್ಣ ಸದ್ದು, ದೊಡ್ಡ ಸದ್ದುಗಳ ಅಂತರ ಕುಗ್ಗಿಸುವುದು) ಕಡಿಮೆ ಮಾಡಿದ್ದಾರೆ. ಈಗ ತಬಲದ ಬಾಯಾದ ಗುಂಗು ಕೂಡ ಕೇಳಿಸುತ್ತದೆ. ಕೊಳ್ಳುವಾಗ ಎಷ್ಟು ಜೋರಾದ ಸದ್ದನ್ನು ವಿಕಾರವಿಲ್ಲದೆ ಒಳಗೆ ತೆಗೆದುಕೊಳ್ಳುತ್ತದೆ ಎಂದೂ ಕೇಳಬೇಕು. ಹಳೆಯ ಡಿಜಿಟಲ್ ಸಾಧನಗಳಲ್ಲಿ ಅನೇಕವು 96 ಡೆಸಿಬೆಲ್ ಸುತ್ತಮುತ್ತ ಕೈಚೆಲ್ಲುತ್ತಿದ್ದವು, ಎದುರಿಗೆ ಕುಳಿತು ಕೇಳುವ ವಾದ್ಯಗಳು ಅದನ್ನು ಸುಲಭವಾಗಿ ದಾಟುತ್ತವೆ. ಆ ಮಿತಿ ಮೀರಿದ ಮೇಲೆ ಒಡೆದ ಸ್ವರವನ್ನು ಯಾವ ಪ್ರೋಗ್ರಾಮೂ ಸರಿಪಡಿಸಲಾರದು.

ಹರಿಹರ

ಅಣ್ಣಾವ್ರೆ, ಎಲ್ಲಾ ಸರಿ, ಆದರೆ ನಾಲ್ಕು ಲಕ್ಷದ್ದಕ್ಕೂ ಒಂದೂವರೆ ಲಕ್ಷದ್ದಕ್ಕೂ ನಿಜವಾಗಿ ಏನು ವ್ಯತ್ಯಾಸ ಎಂಬುದನ್ನು ಯಾರಾದರೂ ಬಿಡಿಸಿ ಹೇಳಿ. ನಮ್ಮ ಅತ್ತೆಯವರಿಗೂ ನೋಡುತ್ತಿದ್ದೇವೆ. ತೆರಿಗೆ ಬೇರೆ ಸೇರುತ್ತದೆಯೇ?

ಶ್ರವಣತಜ್ಞೆ, ಚಿತ್ರದುರ್ಗ

ಶ್ರವಣ ಸಾಧನಕ್ಕೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಸೇರಿಸಿದ್ದರೆ ಪ್ರಶ್ನಿಸಿ.

ಒಂದು ಕಂಪನಿ ಹೊಸ ತಲೆಮಾರಿನ ಸಾಧನ ತಂದಾಗ ಅದೇ ಎಲೆಕ್ಟ್ರಾನಿಕ್ ಚಿಪ್ ಮೇಲೆ ಮೂರು ನಾಲ್ಕು ದರ್ಜೆಗಳನ್ನು ಬಿಡುತ್ತದೆ. ಫೋನಾಕ್‌ನಲ್ಲಿ 90, 70, 50, 30. ವೈಡೆಕ್ಸ್‌ನಲ್ಲಿ 440, 330, 220, 110. ಓಟಿಕಾನ್‌ನಲ್ಲಿ 1, 2, 3. ಮನೆಯ ನಿಶ್ಶಬ್ದದಲ್ಲಿ ಇಬ್ಬರು ಕುಳಿತು ಮಾತನಾಡುವಾಗ ಇವುಗಳ ನಡುವೆ ದೊಡ್ಡ ಅಂತರ ಕಾಣುವುದಿಲ್ಲ. ಮೇಲಿನ ದರ್ಜೆಗೆ ಕೊಡುವ ಹಣ ಹೆಚ್ಚಾಗಿ ಹೋಗುವುದು ಗದ್ದಲದಲ್ಲಿ ಮಾತನ್ನು ಬೇರ್ಪಡಿಸುವ ಶಕ್ತಿಗೆ, ತಾನಾಗಿಯೇ ಪರಿಸರಕ್ಕೆ ತಕ್ಕಂತೆ ಬದಲಾಗುವ ಗುಣಕ್ಕೆ, ಹೆಚ್ಚಿನ ಚಾನೆಲ್‌ಗಳಿಗೆ (ಬೇರೆ ಬೇರೆಯಾಗಿ ಹೊಂದಿಸಬಹುದಾದ ಆವರ್ತನಗಳ ಭಾಗಗಳಿಗೆ). ಮೆಂಫಿಸ್ ವಿಶ್ವವಿದ್ಯಾಲಯದ ರಾಬಿನ್ ಕಾಕ್ಸ್ ಮತ್ತು ಸಂಗಡಿಗರು ಅಲ್ಪ, ಮಧ್ಯಮ ನಷ್ಟವಿದ್ದ ಹಿರಿಯರಿಗೆ ಪ್ರೀಮಿಯಂ ಮತ್ತು ಮೂಲ ದರ್ಜೆಯ ಸಾಧನಗಳೆರಡನ್ನೂ ಎಚ್ಚರಿಕೆಯಿಂದ ಹೊಂದಿಸಿಕೊಟ್ಟು ನೋಡಿದರು. ಎರಡರಿಂದಲೂ ಅವರ ದಿನನಿತ್ಯದ ಬದುಕು ಸುಧಾರಿಸಿತು, ಪ್ರೀಮಿಯಂ ಮೇಲುಗೈ ಸಾಧಿಸಿದ್ದು ಕಾಣಲಿಲ್ಲ. ಆ ಫಲಿತಾಂಶ ಸುಮಾರು ಹತ್ತು ವರ್ಷ ಹಿಂದಿನದು, ಸಾಧನಗಳು ಅಂದಿನಿಂದ ಮುಂದೆ ಹೋಗಿವೆ. 2024ರಲ್ಲಿ ಬಂದ ಫೋನಾಕ್ ಸ್ಫಿಯರ್ ಗದ್ದಲದಿಂದ ಮಾತನ್ನು ಬಿಡಿಸಲೆಂದೇ ಪ್ರತ್ಯೇಕ ಚಿಪ್ ಹೊಂದಿದೆ, ಓಟಿಕಾನ್ ಇಂಟೆಂಟ್ ತಲೆಯ ಚಲನೆಯನ್ನು ಗಮನಿಸಿ ಕೇಳುಗನ ಉದ್ದೇಶ ಊಹಿಸುತ್ತದೆ. ಆದರೂ "ಎಚ್ಚರಿಕೆಯಿಂದ ಹೊಂದಿಸಿಕೊಟ್ಟು" ಎಂಬ ಮಾತಿನ ತೂಕ ಇಂದಿಗೂ ಕಡಿಮೆಯಾಗಿಲ್ಲ.

ನಿಮ್ಮ ಅತ್ತೆಯವರು ಹೆಚ್ಚಾಗಿ ಮನೆಯಲ್ಲೇ ಇರುವವರಾದರೆ ಮಧ್ಯದ ದರ್ಜೆ ಸಾಕು. ದಿನವೂ ಮಂಡಿಪೇಟೆಯ ಅಂಗಡಿಯಲ್ಲಿ ಕುಳಿತು ವ್ಯಾಪಾರ ಮಾಡುವವರಿಗೆ ಮೇಲಿನ ದರ್ಜೆಯನ್ನು ನಾನೇ ಸೂಚಿಸುತ್ತೇನೆ. ಅಷ್ಟು ಹಣ ಹೊಂದಿಸಲಾಗದ ಕುಟುಂಬಗಳು ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯ ಬಗ್ಗೆ ಜಿಲ್ಲಾ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಬೇಕು.

ಕೋಟೆ ರಸ್ತೆ, ಚಿತ್ರದುರ್ಗ (ನಿವೃತ್ತ ಶಿಕ್ಷಕ)

ಚಾರ್ಜಿನದೋ ಸೆಲ್ಲಿನದೋ ಎಂಬ ಪ್ರಶ್ನೆಯೂ ಬರುತ್ತದೆ. ಮುದುಕರ ಬೆರಳಿಗೆ ಸಣ್ಣ ಸೆಲ್ ಬದಲಿಸುವುದು ಕಷ್ಟ, ಹಾಗಾಗಿ ರಾತ್ರಿ ಪೆಟ್ಟಿಗೆಯಲ್ಲಿಟ್ಟು ಚಾರ್ಜ್ ಮಾಡುವುದೇ ಅನುಕೂಲ. ಹಳ್ಳಿಯಲ್ಲಿದ್ದು ಕರೆಂಟು ನಂಬಲಾಗದವರು ಮಾತ್ರ ಸೆಲ್ಲಿನದನ್ನು ಯೋಚಿಸಬಹುದು. ನಮ್ಮ ಕಡೆಯ ಬೇಸಿಗೆಯ ಬೆವರು, ಧೂಳು ಎರಡೂ ಸಾಧನಕ್ಕೆ ಶತ್ರುಗಳು. ದನಿ ಇದ್ದಕ್ಕಿದ್ದಂತೆ ಮಂಕಾದರೆ ಮೊದಲು ತುದಿಯಲ್ಲಿ ಗುಗ್ಗೆ ತಡೆಯುವ ಜಾಲರಿಯನ್ನು ಬದಲಿಸಿ ನೋಡಿ. ನಾನು ಒಮ್ಮೆ ಅಷ್ಟಕ್ಕಾಗಿ ಬೆಂಗಳೂರಿನವರೆಗೆ ಹೋಗಿ ಬಂದಿದ್ದೇನೆ.

ವಿದ್ಯಾನಗರ, ದಾವಣಗೆರೆ

ಏಳು ವಾರಗಳ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ. ಹೊಸ ಪರೀಕ್ಷೆಯಲ್ಲಿ ಬಲಗಿವಿಯ ಮಾತು ಗ್ರಹಿಕೆ ಶೇಕಡಾ 84, ಎಡಗಿವಿಯದು 72 ಬಂತು. ಆಡಿಯಾಲಜಿಸ್ಟ್ ಮೊದಲು ಹಳೆಯ ಸಾಧನಕ್ಕೇ ತೆರೆದ ಡೋಮ್ ಹಾಕಿ, ರಿಯಲ್ ಇಯರ್ ಮಾಪನ ಮಾಡಿ ಮೇಲಿನ ಆವರ್ತನಗಳನ್ನು ಗುರಿಯ ಹತ್ತಿರಕ್ಕೆ ತಂದರು. ಹಂಡೆಯ ದನಿ ಅಂದೇ ಹೋಯಿತು. ಮೊದಲ ವಾರ ಪ್ಲಾಸ್ಟಿಕ್ ಚೀಲದ ಸರಬರ, ನೀರಿನ ನಲ್ಲಿ, ತಮ್ಮದೇ ಚಪ್ಪಲಿಯ ಸದ್ದು ಇವೆಲ್ಲ ಅತಿಯಾಯಿತೆಂದು ತಂದೆಯವರು ಬೇಸರಪಟ್ಟರು. ಮೂರನೆಯ ವಾರಕ್ಕೆ ಆ ದೂರು ತಾನಾಗಿ ನಿಂತಿತು.

ಗದ್ದಲದಲ್ಲಿ ಮಾತ್ರ ಹಳೆಯದು ಸೋಲುತ್ತಲೇ ಇತ್ತು. ಆದ್ದರಿಂದ ಎರಡು ಬೇರೆ ಬೇರೆ ಕಂಪನಿಯ ಸಾಧನಗಳನ್ನು ಒಂದೊಂದು ವಾರ ಪ್ರಯೋಗಕ್ಕೆ ಪಡೆದೆವು. ಯಾವುದನ್ನು ಕೊಡುತ್ತಿದ್ದಾರೆ, ಬೆಲೆಯೆಷ್ಟು ಎಂಬುದನ್ನು ತಂದೆಯವರಿಗೆ ಹೇಳಲಿಲ್ಲ. ಪ್ರತಿಯೊಂದನ್ನೂ ಹಾಕಿಕೊಂಡು ಅವರು ಬೆಳಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ಗೆಳೆಯರೊಂದಿಗೆ ನಡೆದರು, ಸಂಜೆ ಜನ ತುಂಬಿದ ದೋಸೆ ಹೋಟೆಲಿನಲ್ಲಿ ಕುಳಿತರು, ಒಂದು ಆರತಕ್ಷತೆಗೂ ಹೋದರು. ಒಂದು ಮನೆಯಲ್ಲಿ ಬಹಳ ಇಂಪಾಗಿತ್ತು, ತಮ್ಮ ಹಳೆಯ ಕಿವಿಯೇ ಮರಳಿದಂತಿದೆ ಎಂದರು. ಹೋಟೆಲಿನಲ್ಲಿ ಎದುರಿನವರ ಮಾತು ತಿಳಿದದ್ದು ಮಾತ್ರ ಇನ್ನೊಂದರಲ್ಲಿ. ಎರಡು ದಿನ ಯೋಚಿಸಿ ಅವರು ಮನೆಯಲ್ಲಿ ಇಂಪಾಗಿದ್ದುದನ್ನೇ ಆರಿಸಿದರು. "ಹೋಟ್ಲಿಗೆ ನಾನು ವಾರಕ್ಕೊಂದ್ಸಲ ಹೋಗ್ತೀನಿ, ಮನ್ಯಾಗೆ ದಿನಾ ಇರ್ತೀನಲ್ಲಪ್ಪ" ಎಂಬುದು ಅವರ ಲೆಕ್ಕ. ಅದರ ಎರಡನೆಯ ದರ್ಜೆಯನ್ನು ಕೊಂಡೆವು, ಮೂರು ಲಕ್ಷದೊಳಗೆ ಮುಗಿಯಿತು.

ಮಾಡೆಲ್ ಯಾವುದೆಂದು ಕೆಲವರು ಖಾಸಗಿಯಾಗಿ ಕೇಳಿದ್ದಾರೆ. ಹೇಳಲು ಅಡ್ಡಿಯೇನಿಲ್ಲ, ಆದರೆ ತಂದೆಯವರ ಆಡಿಯೋಗ್ರಾಂ ನಿಮ್ಮವರದಲ್ಲ, ಅವರ ದಿನಚರಿಯೂ ನಿಮ್ಮವರದಲ್ಲ, ಆದ್ದರಿಂದ ಹೆಸರು ಹೇಳಿದರೆ ದಾರಿ ತಪ್ಪಿಸಿದಂತಾದೀತೆಂಬ ಅಳುಕು ನನಗಿದೆ. ಎರಡು ಸಾಧನಗಳನ್ನು ನಿಮ್ಮ ನಿಮ್ಮ ಜಾಗಗಳಲ್ಲಿ ಹಾಕಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ ಎಂದಷ್ಟೇ ಹೇಳುತ್ತೇನೆ.

ಶ್ರವಣತಜ್ಞೆ, ಚಿತ್ರದುರ್ಗ

ಅವರು ಆರಿಸಿದ ರೀತಿ ನನಗೆ ತುಂಬ ಮೆಚ್ಚುಗೆಯಾಯಿತು. ಆರತಕ್ಷತೆಯಂಥ ಕಡೆಗೆ ಎದುರಿನವರ ಅಂಗಿಗೆ ಸಿಕ್ಕಿಸುವ ಸಣ್ಣ ನಿಸ್ತಂತು ಮೈಕ್ ಸಿಗುತ್ತದೆ, ಗದ್ದಲದಲ್ಲಿ ಅದರಿಂದ ಆಗುವ ಸಹಾಯ ದರ್ಜೆ ಏರಿಸಿದ್ದಕ್ಕಿಂತ ಹೆಚ್ಚು. ಮುಂದಿನ ಭೇಟಿಯಲ್ಲಿ ಕೇಳಿ ನೋಡಿ. ಎಡಗಿವಿ ಹೇಗಿದೆ?

ವಿದ್ಯಾನಗರ, ದಾವಣಗೆರೆ

ಎಡಗಿವಿ ಇನ್ನೂ ಸ್ವಲ್ಪ ಹಿಂದಿದೆ ಮೇಡಂ. ಸ, ಶ ನಡುವಿನ ವ್ಯತ್ಯಾಸ ಆ ಕಡೆ ತಿಳಿಯುವುದಿಲ್ಲ ಎನ್ನುತ್ತಾರೆ. ಮುಂದಿನ ಶನಿವಾರ ಮತ್ತೆ ಅಳೆದು ಹೊಂದಿಸುವವರಿದ್ದಾರೆ. ಆ ದಿನ ಮಗಳನ್ನೂ ಕರೆದುಕೊಂಡು ಬನ್ನಿ, ಅವಳು ಮಾತನಾಡುತ್ತಿರುವಾಗಲೇ ಹೊಂದಿಸಿ ನೋಡೋಣ ಎಂದು ಆಡಿಯಾಲಜಿಸ್ಟ್ ಹೇಳಿದ್ದಾರೆ. ಅವಳು ತಾತನಿಗೆ ಓದಿ ಹೇಳಲು ಕತೆ ಪುಸ್ತಕವೊಂದನ್ನು ಈಗಾಗಲೇ ಚೀಲದಲ್ಲಿ ಇಟ್ಟುಕೊಂಡಿದ್ದಾಳೆ.